ಹಿಂಡೋ ಮೆಷಿನ್ನುಗಳ ಹಿಂಡು

"ನಾನು ಬದುಕಿರೋ ತನಕ ಈ ಅಯೋವಾದಲ್ಲಿ ಒಂದೇ ಒಂದು ಹಿಂಡೋ ಮೆಷಿನ್ನೂ ತುಕ್ಕು ಹಿಡಿದು ಸಾಯೋಕೆ ಬಿಡಲ್ಲ!" ಎಂದು ವರ್ಲಿನ್ ಟೋಲೆಫ್ಸನ್ ಘೋಷಿಸಿದ್ದು ಹಾಲಿನ ಡೈರಿಯ ಕೆಲಸದಿಂದ ನಿವೃತ್ತನಾದ ಹೊಸತರಲ್ಲಿ. ನಿವೃತ್ತ ಗಂಡಸಿಗೆ ಗಾಳ ಹಾಕುವ ಚಟ ಅಂಟಿದರೆ ಮನೆಗೆ ಮೀನಾದರೂ ಬರುತ್ತದೆ. ಇವನಿಗೆ ಅಂಟಿದ್ದು ಅಜ್ಜಿಯರ ಕಾಲದ ಬಟ್ಟೆ ಒಗೆಯುವ ಮೆಷಿನ್ನುಗಳ ಚಟ!

ಮೊದಲನೆಯದು ಸಿಕ್ಕಿದ್ದು ತೀರಿಕೊಂಡ ಚಿಕ್ಕಪ್ಪನ ಜೋಳದ ಹೊಲದಂಚಿನ ಮರಗಳ ಹಿಂದೆ, ಮುರಿದ ನೇಗಿಲು, ಒಡೆದ ಒಲೆಗಳ ಜೊತೆ. ಕಾಲಿನ ಮೇಲೆ ನಿಂತ ಒಂದು ಹಂಡೆ. ಅದರ ನೆತ್ತಿಯ ಮೇಲೆ ಕಬ್ಬಿನ ಗಾಣದ ಹಾಗೆ, ಕರೆಂಟಿನಲ್ಲಿ ತಿರುಗುವ ಎರಡು ರಬ್ಬರ್ ಉರುಳೆ. ಒದ್ದೆ ಬಟ್ಟೆಯನ್ನು ನಡುವೆ ತೂರಿಸಿದರೆ ನೀರು ಹಿಂಡಿ, ಚಪ್ಪಟೆ ಮಾಡಿ ಆಚೆ ಉಗುಳುತ್ತದೆ. ಹಂಡೆಯೊಳಗಿಂದ ಹಿಪ್ಪುನೇರಳೆ ಗಿಡವೊಂದು ಎದೆಯೆತ್ತರ ಬೆಳೆದಿತ್ತು. ವರ್ಲಿನ್ ಅದನ್ನು ಗರಗಸದಿಂದ ಕೊಯ್ದು, ಮೆಷಿನ್ನನ್ನು ಮನೆಗೆ ತಂದು, ಉಜ್ಜಿ, ಬಣ್ಣ ಹೊಡೆದು ಮುದ್ದಾಡಿದ. ಆಮೇಲೆ ಸುತ್ತಮುತ್ತ ಎಲ್ಲಿ ಹರಾಜು ನಡೆದರೂ ಮೊದಲ ಸಾಲಿನಲ್ಲಿ ಇವನೇ. ಎರಡು ವರ್ಷದಲ್ಲಿ ಗ್ಯಾರೇಜು ತುಂಬಿತು. ಕಾರು ಹಿಮದಲ್ಲಿ, ಮೆಷಿನ್ನುಗಳು ಬೆಚ್ಚಗೆ! ಬೆಳಗಾದರೆ ಕಾರಿನ ಗಾಜಿಗೆ ಅಂಟಿದ ಮಂಜುಗಡ್ಡೆ ಕೆರೆಯುವ ಭಾಗ್ಯ ಹೆಂಡತಿ ಆರ್ಡಿಸ್‌ಳದಾಯಿತು.

"ಅವಕ್ಕೆ ಹೀಟರ್ ಬೇರೆ ಹಾಕಿದ್ದೀಯ!"

"ರಬ್ಬರ್ ಕಣೇ. ಚಳಿಗೆ ಒಡೆಯುತ್ತೆ."

"ನನ್ನ ಕೈನೂ ಒಡೆದಿದೆ. ನನಗೂ ಒಂದು ಕೋಟಿಂಗ್ ಬಣ್ಣ ಹೊಡಿ!"

ಇಷ್ಟಾದರೂ ಅವಳು ತಡೆದುಕೊಂಡಿದ್ದಳು. ಕಟ್ಟೆ ಒಡೆದದ್ದು ನವೆಂಬರಿನಲ್ಲಿ, ಚರ್ಚಿನ ಲುಟೆಫಿಸ್ಕ್ ಊಟದ ವಾರ. ಒಣಮೀನನ್ನು ಕ್ಷಾರದಲ್ಲಿ ನೆನೆಸಿ, ಬೇಯಿಸಿ, ಬೆಣ್ಣೆಯಲ್ಲಿ ಮುಳುಗಿಸಿ, ಊರಿಗೆ ಊರೇ ಮೂಗು ಮುಚ್ಚಿಕೊಂಡು ಸಂಭ್ರಮದಿಂದ ತಿನ್ನುವ ಊಟ ಅದು. ಮೇಜಿನ ಬಿಳಿ ಹಾಸುಗಳನ್ನು ಒಗೆದುಕೊಡುವ ಸರದಿ ಈ ಸಲ ಆರ್ಡಿಸ್‌ಳದು. ಸಣ್ಣ ಜವಾಬ್ದಾರಿಯಲ್ಲ! ಹಿಂದೆಂದೋ ಒಬ್ಬಳು ಕೊಟ್ಟ ಹಾಸಿನಲ್ಲಿ ಕಾಫಿಯ ಕಲೆ ಉಳಿದಿತ್ತೆಂದು ಹೆಂಗಸರು ಅವಳ ಶವಸಂಸ್ಕಾರದ ದಿನವೂ ಮಾತನಾಡಿಕೊಂಡಿದ್ದರು. ಅಂಥ ವಾರದ ಗುರುವಾರವೇ ಆರ್ಡಿಸ್‌ಳ ಆಟೊಮ್ಯಾಟಿಕ್ ಮೆಷಿನ್ನು ಒಮ್ಮೆ ನರಳಿ ಪ್ರಾಣ ಬಿಟ್ಟಿತು.

"ಗ್ಯಾರೇಜು ತುಂಬ ಮೆಷಿನ್ನುಗಳ ದಂಡೇ ನಿಂತಿದೆ," ಎಂದಳು ಆರ್ಡಿಸ್ ಹಲ್ಲು ಕಚ್ಚಿ. "ಒಂದು ಕರವಸ್ತ್ರ ಒಗೆಯೋ ಯೋಗ್ಯತೆ ಒಂದಕ್ಕಾದರೂ ಇದೆಯಾ?"

ವರ್ಲಿನ್‌ಗೆ ಮೈಯೆಲ್ಲ ಉರಿಯಿತು. ಯೋಗ್ಯತೆಯಂತೆ! ತನ್ನನ್ನು ಅಂದಿದ್ದರೆ ಸಹಿಸುತ್ತಿದ್ದ, ಮದುವೆಯಾದಾಗಿನಿಂದ ಅಭ್ಯಾಸವಾಗಿತ್ತು. ಮೆಷಿನ್ನುಗಳನ್ನು ಅನ್ನುವುದೆ?

"ನಿನ್ನ ಆಟೊಮ್ಯಾಟಿಕ್ಕು ಹತ್ತು ವರ್ಷಕ್ಕೇ ಸತ್ತಿತು. ನನ್ನವು ಅರವತ್ತು ವರ್ಷದ ಗಟ್ಟಿಮುಟ್ಟು ಹೆಂಗಸರು! ಇಡೀ ಚರ್ಚಿನ ಹಾಸು ಹಾಲಿನ ಹಾಗೆ ಬೆಳ್ಳಗೆ ಮಾಡಿ ಕೊಡ್ತೀನಿ, ನೋಡ್ತಿರು!"

"ಮಾಡಿದರೆ ಅವು ಗ್ಯಾರೇಜಿನಲ್ಲೇ ಇರಲಿ, ತುಟಿ ಬಿಚ್ಚಲ್ಲ. ಮಾಡದಿದ್ದರೆ ಸೋಮವಾರ ಗುಜರಿಯವನನ್ನ ಕರೀತೀನಿ. ಎಲ್ಲಾನೂ!"

ಹೀಗೆ ಪಂಥ ಕಟ್ಟಿ, ಆಲೂಗೆಡ್ಡೆ ಸುಲಿಯಲು ಅವಳು ಚರ್ಚಿಗೆ ಹೋದಳು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಇದೇ.

ವರ್ಲಿನ್ ತನ್ನ ಪಟ್ಟದರಾಣಿಯಂಥ ಮೆಷಿನ್ನನ್ನು ಆರಿಸಿ, ಕುದಿಯುವ ನೀರು ತುಂಬಿಸಿದ. ಹಿಂದಿನವರು ಒಂದೇ ಹಂಡೆ ನೀರಿನಲ್ಲಿ ವಾರದ ಬಟ್ಟೆಯೆಲ್ಲ ಒಗೆಯುತ್ತಿದ್ದರೆಂದು ಕಂಡವರಿಗೆಲ್ಲ ಭಾಷಣ ಬಿಗಿದವನು ಅವನೇ. ಯಾವುದು ಮೊದಲು, ಯಾವುದು ಆಮೇಲೆ ಎಂದು ಮಾತ್ರ ಯಾರನ್ನೂ ಕೇಳಿಕೊಂಡಿರಲಿಲ್ಲ. ಅದಕ್ಕೇನು, ತಲೆಯಿಲ್ಲವೆ? ಹೆಚ್ಚು ಕೊಳೆ ಎಲ್ಲಿದೆಯೋ ಹೊಸ ನೀರು ಅಲ್ಲಿಗೇ ಮೊದಲು ಸಲ್ಲಬೇಕು! ಎಂಥ ನ್ಯಾಯ! ಮೊನ್ನೆ ಕೊಂಡ ಕಡುನೀಲಿ ಡೆನಿಮ್ ಕೆಲಸದುಡುಪು ಎರಡು ಜೊತೆ, ಗ್ರೀಸು ಮೆತ್ತಿದ್ದವು, ಗುಳುಂ ಎಂದು ಇಳಿದವು.

ಉರುಳೆಗೆ ಕೊಟ್ಟಾಗ ಗುಂಡಿಗಳನ್ನು ಒಳಗೆ ಮಡಚಬೇಕೆನ್ನುವುದೂ ಅವನಿಗೆ ಗೊತ್ತಿರಲಿಲ್ಲ. ಟಪ್! ಒಂದು ಹಿತ್ತಾಳೆ ಗುಂಡಿ ಕಿಟಕಿಯ ಗಾಜಿಗೆ. ಟಪ್! ಇನ್ನೊಂದು ಅವನ ಹಣೆಗೆ. "ಏನು ಶಕ್ತಿ!" ಎಂದು ಹಣೆ ಉಜ್ಜಿಕೊಳ್ಳುತ್ತಲೇ ಹೆಮ್ಮೆಪಟ್ಟ. ಇನ್ನೂ ಹಬೆಯಾಡುತ್ತಿದ್ದ ನೀರನ್ನು ಚೆಲ್ಲಲು, ನಾರ್ವೆಯಿಂದ ವಲಸೆ ಬಂದ ಅಜ್ಜಂದಿರಿಂದ ಇಳಿದಿದ್ದ ಅವನ ಜಿಪುಣ ರಕ್ತ ಒಪ್ಪಲಿಲ್ಲ. ಬಿಳಿ ಹಾಸುಗಳೂ ಅದರಲ್ಲೇ ಮುಳುಗಿದವು.

ಮೊದಲ ಹಾಸು ಉರುಳೆಯಿಂದ ಈಚೆ ಬಂದಾಗ ಆಕಾಶದ ಬಣ್ಣದಲ್ಲಿತ್ತು. ವರ್ಲಿನ್ ಗಾಬರಿಯಾಗಿ ಬಗ್ಗಿ ನೋಡಿದ. ಆ ಗಳಿಗೆಯಲ್ಲಿ ಅವನ ಸ್ವೆಟರಿನ ಅಂಚು ಉರುಳೆಗೆ ಸಿಕ್ಕಿತು. ಸ್ವೆಟರು ಹೋಯಿತು, ಹಿಂದೆಯೇ ವರ್ಲಿನ್ನೂ ಹೊರಟ! ಹೀಗಾದರೆ ಒತ್ತಲೆಂದೇ ಮೇಲೊಂದು ಪಟ್ಟಿ ಇರುತ್ತದೆ, ಒತ್ತಿದೊಡನೆ ಉರುಳೆಗಳು ಬಿಟ್ಟುಕೊಳ್ಳುತ್ತವೆ. ಒತ್ತಿದ. ಗುದ್ದಿದ. ಅದು ಅಲ್ಲಾಡಲಿಲ್ಲ. ಅದರ ಮೇಲೆ ಪದರ ಪದರವಾಗಿ ಬಣ್ಣ ಬಳಿದು ಅಂಟಿಸಿದ್ದವನು ಸ್ವತಃ ಅವನೇ!

ಆರ್ಡಿಸ್ ಬಾಗಿಲು ತೆರೆದಾಗ ಗಂಡನ ಗಲ್ಲ ಉರುಳೆಗೆ ಒಂದು ಗೇಣು ದೂರದಲ್ಲಿತ್ತು. ಪ್ಲಗ್ ಕಿತ್ತು ಅವನನ್ನು ಬದುಕಿಸಿದಳು. ಆಮೇಲೆ ನೀಲಿ ಹಾಸು ನೋಡಿ, ಯಾಕೆ ಬದುಕಿಸಿದೆನೋ ಎನ್ನುವಂತೆ ಮುಖ ಮಾಡಿದಳು. ಅವಳ ಹಿಂದೆಯೇ ಊರುಗೋಲು ಕುಟ್ಟುತ್ತ ಬಂದವಳು ಬೊರ್ಗಿಲ್ಡ್, ಚರ್ಚಿನ ಅಡುಗೆಮನೆಯನ್ನು ಐವತ್ತು ವರ್ಷದಿಂದ ಆಳುತ್ತಿದ್ದ ಮುದುಕಿ.

"ಲೋ ವರ್ಲಿನ್! ಬಿಳೀದು ಮೊದಲು, ಬಣ್ಣದ್ದು ಆಮೇಲೆ, ಕೊಟ್ಟಿಗೆ ಬಟ್ಟೆ ಕೊನೇಗೆ! ನಮ್ಮನೆ ನಾಯಿಗೂ ಗೊತ್ತಿತ್ತಲ್ಲೋ!"

"ನನ್ನ ಹತ್ರ ಇರೋ ಯಾವ ಪುಸ್ತಕದಲ್ಲೂ ಹಾಗೆ ಬರೆದಿಲ್ಲ!" ವರ್ಲಿನ್ ಸಿಡುಕಿದ.

"ಬರೆದೋನು ಯಾವತ್ತಾದರೂ ಒಗೆದಿದ್ದನೇನೋ?"

"ಹೋಗಲಿ, ಮೆಷಿನ್ನಾದರೂ ನೋಡು ಬೊರ್ಗಿಲ್ಡ್. ಎಷ್ಟು ಚೆಂದ ಇದೆ!"

ಮುದುಕಿಯ ಕಣ್ಣು ಕೆಂಡವಾಯಿತು. "ಚೆಂದಾನಾ? ನನ್ನ ಹರೆಯದ ಸೋಮವಾರ ಎಲ್ಲಾ ಈ ಪಿಶಾಚಿ ನುಂಗಿದೆ. ಬಸುರೀಲೂ ಇದರ ಮುಂದೆ ನಿಂತಿದ್ದೀನಿ, ಬಾಣಂತೀಲೂ ನಿಂತಿದ್ದೀನಿ. ಹೊಸಾದು ಬಂದ ದಿನ ಇದನ್ನ ಮರದ ಹಿಂದಕ್ಕೆ ಎಳೆದು ಹಾಕಿ, ಕೊಡಲಿ ಹಿಂಬದೀಲಿ ಒಂದು ಕೊಟ್ಟೆ ನೋಡು, ಜನ್ಮ ಸಾರ್ಥಕ ಅನ್ನಿಸ್ತು! ನೀನು ಹುಡುಕ್ಕೊಂಡು ಹೋಗಿ ಬಣ್ಣ ಹೊಡೀತೀಯಾ, ಹೊಡೀತೀಯಾ?"

ಆದರೂ ಊಟದ ಮಾನ ಉಳಿಯಬೇಕಿತ್ತಲ್ಲ. ಬೊರ್ಗಿಲ್ಡ್ ಕುರ್ಚಿ ಎಳೆದುಕೊಂಡು ಕುಳಿತಳು. "ನಾನು ಕೈ ಹಚ್ಚಲ್ಲ. ನಾನು ಹೇಳ್ತೀನಿ, ಇವನು ಮಾಡ್ತಾನೆ!" ಕಾಫಿ ಕುಡಿಯುತ್ತ ಊರುಗೋಲು ತೋರಿಸುತ್ತ ಹೇಳಿದಳು. ವರ್ಲಿನ್ ನೀರು ಹೊತ್ತ, ಬ್ಲೀಚು ಸುರಿದ, ಕುದಿಸಿದ, ಜಾಲಿಸಿದ, ಮತ್ತೆ ಕುದಿಸಿದ. ಶುಕ್ರವಾರ ಸಂಜೆಗೆ ಅವನ ಸೊಂಟ ಕಮಾನಾಗಿತ್ತು. ಹಾಸುಗಳು ಮಾತ್ರ ಹಾಲಿನ ಹಾಗೆ ಬೆಳ್ಳಗಾಗಿದ್ದವು!

ಶನಿವಾರದ ಊಟದಲ್ಲಿ ಅವನು ಮೀನು ತಿಂದದ್ದಕ್ಕಿಂತ ಜಂಬ ಕೊಚ್ಚಿದ್ದೇ ಹೆಚ್ಚು. ಮನೆಗೆ ಬಂದವನೇ ಎದೆಯುಬ್ಬಿಸಿದ. "ಬೆಳ್ಳಗಾಯ್ತೋ ಇಲ್ವೋ? ಪಂಥ ಯಾರದು?"

"ನಿನ್ನದೇ ಕಣಪ್ಪ," ಎಂದಳು ಆರ್ಡಿಸ್, ಸಕ್ಕರೆಯಂತೆ ನಗುತ್ತ. "ಒಂದೂ ಕದಲಿಸೋದು ಬೇಡ."

ಆ ಸಕ್ಕರೆಯನ್ನು ಅವನು ಅನುಮಾನಿಸಬೇಕಿತ್ತು. ಸೋಮವಾರ ಗುಜರಿಯವನು ಬಂದೇ ಬಂದ. ಸತ್ತ ಆಟೊಮ್ಯಾಟಿಕ್ಕನ್ನು ಹೊತ್ತುಕೊಂಡು ಹೋದ.

"ಹೊಸಾದು ಯಾವಾಗ ಬರುತ್ತೆ?"

"ಯಾಕೆ? ಗಟ್ಟಿಮುಟ್ಟು ಹೆಂಗಸರು ಇದ್ದಾರಲ್ಲ, ಗ್ಯಾರೇಜು ತುಂಬ!" ಎಂದು ಅವಳು ಬಟ್ಟೆಯ ಬುಟ್ಟಿಯನ್ನು ಅವನ ಮುಂದಿಟ್ಟು, ಬೊರ್ಗಿಲ್ಡ್ ಜೊತೆ ಕಾಫಿಗೆ ಹೋದಳು.

ಅಂದಿನಿಂದ ಪ್ರತಿ ಸೋಮವಾರ ಅದೇ. ಅನ್ಯಾಯ! ಘೋರ ಅನ್ಯಾಯ! ವಸ್ತುಸಂಗ್ರಹಕಾರನನ್ನು ಅಗಸನನ್ನಾಗಿ ಮಾಡುವುದೆ? ಜನವರಿಯ ಹೊತ್ತಿಗೆ ಅವನ ಬೆರಳುಗಳು ಒಣಗಿಸಿದ ದ್ರಾಕ್ಷಿಯಾಗಿದ್ದವು. ಮೆಷಿನ್ನುಗಳ ಮುಖ ಕಂಡರೆ ಅವನಿಗೂ ಕೊಡಲಿಯ ಹಿಂಬದಿ ನೆನಪಾಗತೊಡಗಿತು. ಕಡೆಗೊಂದು ದಿನ, ಆರ್ಡಿಸ್ ಇಲ್ಲದ ಹೊತ್ತು ನೋಡಿ, ಪೇಟೆಯಲ್ಲಿ ಗೃಹೋಪಕರಣದ ಅಂಗಡಿಯಿಟ್ಟಿದ್ದ ಲೊವೆಲ್ ಬಳಿಗೆ ಕಳ್ಳನಂತೆ ಹೋದ.

"ಲೊವೆಲ್, ನಮ್ಮ ಗ್ಯಾರೇಜಿನಲ್ಲಿರೋದು ಅಷ್ಟೂ ನಿಂದೇ. ಒಂದೂ ಬಿಡದೆ ತಗೊಂಡು ಹೋಗು. ಬದಲಿಗೆ ತಾನಾಗಿ ಒಗೆಯೋ ಒಂದೇ ಒಂದು ಮೆಷಿನ್ನು ಕೊಟ್ಟುಬಿಡು ಮಾರಾಯ!"

ಲೊವೆಲ್ ತಲೆ ಕೆರೆದುಕೊಂಡ. "ಆಗಲ್ಲ ವರ್ಲಿನ್. ಹೋದ ವಾರವೇ ಆರ್ಡಿಸ್ ಬಂದಿದ್ದಳು. 'ಇವನು ಬಂದೇ ಬರ್ತಾನೆ, ಕಾಲಿಗೆ ಬಿದ್ದರೂ ಕೊಡಬೇಡ,' ಅಂದಳು. 'ಅವನಿಗೆ ಕಾಲರಿನ ಕೊಳೆ ತೆಗೆಯೋದು ಈಗಷ್ಟೇ ಕೈಗೆ ಹತ್ತುತ್ತಾ ಇದೆ, ಕೆಡಿಸಬೇಡ!'"