ಇಲ್ಲದ ಚಿತ್ರದಲ್ಲಿ ಬಿರುಕು ಕಾಣದ ಮಹನೀಯರಿಗೆ

ದೊಡ್ಡಾಸ್ಪತ್ರೆಯ ಸಂದೇಶ ವ್ಯವಸ್ಥೆಯನ್ನು ಕಟ್ಟಿ, ಕಾಯ್ದು, ಪೋಷಿಸುತ್ತಿರುವ ಮುಖ್ಯ ಎಂಜಿನಿಯರ್ ಸಾಹೇಬರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ತಮ್ಮ ವ್ಯವಸ್ಥೆಯನ್ನು ಕೇಳಿದರೆ ಅದು ಎಂಥ ಹೊತ್ತಿನಲ್ಲೂ ಎಲ್ಲ ಕ್ಷೇಮವೆಂದೇ ಹೇಳುತ್ತದೆ. ನಾನು ತಮ್ಮಲ್ಲಿಗೆ ಎಕ್ಸ್‌ರೇಗಳನ್ನು ಪರೀಕ್ಷೆಗೆಂದು ಕಳುಹಿಸುವ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಪ್ರೋಗ್ರಾಂ ಬರೆಯುವವಳು.

ಕಳೆದ ಬೇಸಿಗೆಯಲ್ಲಿ, ಹೊಲಿಗೆಯನ್ನೇ ನಂಬಿ ಬದುಕುವ ನನ್ನ ಚಿಕ್ಕಮ್ಮ ಅಂಗಡಿಯ ಮೆಟ್ಟಿಲಲ್ಲಿ ಜಾರಿ ಬಲಗೈ ಊರಿ ಬಿದ್ದರು. ನಮ್ಮ ಕ್ಲಿನಿಕ್ಕಿನಲ್ಲಿ ಮಣಿಕಟ್ಟಿನ ಎಕ್ಸ್‌ರೇ ತೆಗೆದರು. ನಾನು ಬರೆದ ಪ್ರೋಗ್ರಾಂ ಅದನ್ನು ಸಂದೇಶಕ್ಕೆ ಲಗತ್ತಿಸಿ ತಮ್ಮಲ್ಲಿಗೆ ಕಳುಹಿಸಿತು. ಕಣ್ಣು ಮಿಟುಕಿಸುವುದರೊಳಗೆ ‘ಸ್ವೀಕರಿಸಲಾಗಿದೆ’ ಎಂಬ ಉತ್ತರ, ಅದರ ಬೆನ್ನಿಗೇ ‘ಬಿರುಕು ಕಂಡುಬಂದಿಲ್ಲ’ ಎಂಬ ವರದಿ. ನಮ್ಮ ವೈದ್ಯರು ಅದನ್ನು ನಂಬಿ, ಕೈ ಸಡಿಲವಾಗಲೆಂದು ರಬ್ಬರ್ ಚೆಂಡು ಹಿಸುಕಲು ಹೇಳಿದರು. ಚಿಕ್ಕಮ್ಮ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಹೆಂಗಸು. ಹಲ್ಲು ಕಚ್ಚಿಕೊಂಡು ಹಿಸುಕಿದರು. ಕೈ ಬುಸ್ಸೆಂದು ಊದಿತು. ಕತ್ತರಿ ಎತ್ತಲಾಗದೆ ನನ್ನೆದುರು ಬಂದು ಕುಳಿತು, “ಸರಿಯಿರೋ ಕೈ ಹೀಗೆ ನೋಯುತ್ತೇನೇ? ನಾನೇನು ನಾಟಕ ಆಡ್ತಿದೀನಾ?” ಎಂದು ಕೇಳಿದರು.

ತಮಗೆ ಫೋನ್ ಮಾಡಿದೆ. “ಮೇಡಂ, ಸಿಸ್ಟಮ್ ಓಕೆ ಅಂದ್ಮೇಲೆ ಮುಗೀತು. ತಪ್ಪಿದ್ರೆ ನಿಮ್ಮ ಕಡೇನೇ ಇರತ್ತೆ, ನೋಡ್ಕೊಳ್ಳಿ,” ಎಂದು ಅಪ್ಪಣೆ ಕೊಡಿಸಿದಿರಿ. ನೋಡಿಕೊಂಡೆ. ನನ್ನ ಕಡೆಯಿಂದ ಚಿತ್ರ ಇಡಿಯಾಗಿಯೇ ಹೊರಟಿತ್ತು. ಆಮೇಲೆ ತಮ್ಮ ಕೈಕೆಳಗಿನ ಎಂಜಿನಿಯರೊಬ್ಬರು ಮನಸ್ಸು ತಡೆಯದೆ ತಮ್ಮ ಕಡೆಯ ದಾಖಲೆಯನ್ನೂ ತೆಗೆದು ನೋಡಿದರು: ಲಗತ್ತು ತಾವು ಗೊತ್ತುಮಾಡಿದ ಮಿತಿಗಿಂತ ತುಸು ದೊಡ್ಡದಾಗಿತ್ತಂತೆ, ಆದ್ದರಿಂದ ತಮ್ಮ ವ್ಯವಸ್ಥೆ ಅದನ್ನು ಸದ್ದಿಲ್ಲದೆ ಬಿಸಾಡಿ ಬರಿಯ ಸಂದೇಶವನ್ನು ಒಳಗೆ ಬಿಟ್ಟುಕೊಂಡಿತ್ತು, ಮುಂದಿನ ಕೋಣೆಯ ಚಿತ್ರ ಪರೀಕ್ಷಿಸುವ ಯಂತ್ರ, ಚಿತ್ರವೇ ಇಲ್ಲದ್ದರಿಂದ ಬಿರುಕೂ ಇಲ್ಲವೆಂದು ತೀರ್ಮಾನಿಸಿತ್ತು.

ಎಂಥ ತರ್ಕ, ಮಾನ್ಯರೇ! ರೋಗಿಯನ್ನೇ ನೋಡದಿದ್ದರೆ ರೋಗವೇ ಇರುವುದಿಲ್ಲವೆಂಬ ಈ ಮಹಾಶೋಧದಿಂದ ಆಸ್ಪತ್ರೆಗಳನ್ನೇ ಮುಚ್ಚಿಬಿಡಬಹುದು. ನಾಳೆಯಿಂದ ತಮ್ಮ ಊಟದ ಡಬ್ಬಿಯನ್ನೂ ಅನ್ನ ಸುರಿದು ಖಾಲಿ ಮಾಡಿಯೇ ತಲುಪಿಸಿ, ‘ಊಟ ಸ್ವೀಕರಿಸಲಾಗಿದೆ’ ಎಂದು ತಮ್ಮಿಂದ ಸಹಿ ಪಡೆಯಬೇಕೆಂದು ವಿನಂತಿ.

ಕೊನೆಗೆ ಚಿಕ್ಕಮ್ಮನನ್ನೂ ಎಕ್ಸ್‌ರೇಯನ್ನೂ ಆಟೋದಲ್ಲಿ ಕೂರಿಸಿಕೊಂಡು ತಮ್ಮದೇ ಆಸ್ಪತ್ರೆಯ ಮೂಳೆ ವೈದ್ಯೆಯ ಬಳಿಗೆ ಹೋದೆ. ಅವರು ಒಮ್ಮೆ ನೋಡಿ, “ಯಾರ್ರೀ ಇದು ಸರಿಯಿದೆ ಅಂದಿದ್ದು? ಮುರಿದ ಮೂಳೇಲಿ ಚೆಂಡು ಹಿಸುಕಿಸಿದೀರಲ್ಲ!” ಎಂದರು. ಚಿಕ್ಕಮ್ಮ ಅಳಲಿಲ್ಲ, ನನ್ನ ಕಡೆ ತಿರುಗಿ, “ನೋಡು, ನೋವು ನಿಜ,” ಎಂದರು, ಯಾವುದೋ ಆರೋಪದಿಂದ ಬಿಡುಗಡೆಯಾದವರ ಹಾಗೆ. ಶಸ್ತ್ರಚಿಕಿತ್ಸೆಯಾಗಿ ಮೂಳೆಗೆ ಸ್ಕ್ರೂ ಕೂರಿಸಿದರು. ಈಗ ಮೆಷಿನ್ ತುಳಿಯುತ್ತಾರೆ, ನೇರ ಹೊಲಿಗೆ ಹಾಕುತ್ತಾರೆ. ಅಂಗಿಗೆ ಗುಂಡಿ, ಕಾಜಾ ಹಾಕುವ ಸೂಕ್ಷ್ಮ ಕೆಲಸಕ್ಕೆ ಮಣಿಕಟ್ಟು ಬಾಗುವುದಿಲ್ಲ, ಅದನ್ನು ಪಕ್ಕದಂಗಡಿಯವರಿಗೆ ಕೊಟ್ಟು ಮಾಡಿಸುತ್ತಾರೆ.

ಹೊರಲಾರದ್ದನ್ನು ಹೊರಲಾರೆನೆಂದು ಬಾಯಿಬಿಟ್ಟು ಹೇಳುವುದು ಯಂತ್ರಕ್ಕೂ ಅವಮಾನವಲ್ಲ, ಮಾನ್ಯರೇ. ಅದನ್ನು ಕಟ್ಟಿದವರಿಗೂ ಅಲ್ಲ.

ತಮ್ಮ ‘ಓಕೆ’ಯನ್ನು ಇನ್ನೆಂದೂ ನಂಬದ, ಆದರೂ ತಮ್ಮ ವಿಶ್ವಾಸಿ,
ಹೊಲಿಗೆಯವರ ಅಕ್ಕನ ಮಗಳು

ಮರೆತ ಮಾತು: ತಾವು ರಜೆಯಲ್ಲಿದ್ದಾಗ, ಅದೇ ಕೈಕೆಳಗಿನ ಎಂಜಿನಿಯರು ತಮ್ಮ ಮೇಲಧಿಕಾರಿಗಳ ಒಪ್ಪಿಗೆ ಪಡೆದು, ಲಗತ್ತು ಕಳೆದುಹೋದರೆ ಕಳುಹಿಸಿದವರಿಗೆ ‘ಬಂದಿಲ್ಲ’ ಎಂದು ಹೇಳುವುದನ್ನು ವ್ಯವಸ್ಥೆಗೆ ಕಲಿಸಿದ್ದಾರೆ. ತಾವು ಕೆಲಸಕ್ಕೆ ಮರಳಿ ಸಾಕಷ್ಟು ದಿನವಾದರೂ ಇದಿನ್ನೂ ತಮ್ಮ ಗಮನಕ್ಕೆ ಬಂದಿಲ್ಲವೆಂದು ಕೇಳಿ, ಅದು ಸುರಕ್ಷಿತವಾಗಿ ಉಳಿಯುತ್ತದೆಂಬ ಭರವಸೆ ನಮಗೆಲ್ಲ ಮೂಡಿದೆ.