ಬಣ್ಣದ ಗೋದಾಮಿನಲ್ಲಿ ದೈತ್ಯ ಹಲ್ಲಿ

ಶನಿವಾರ ಬೆಳಗ್ಗೆ ಎಂಟು ಗಂಟೆಗೆ ಬಣ್ಣದ ಕಂಪನಿಯ ಗೋದಾಮು ಗುಮಾಸ್ತ ತನಗೆ ವಿಪರೀತ ಸೊಂಟ ನೋವೆಂದು ಮ್ಯಾನೇಜರಿಗೆ ಫೋನು ಮಾಡಿ ರಜೆ ಪಡೆದ. ಆ ಹೊತ್ತಿಗೆ ಅವನ ಹೆಂಡತಿಯ ತಮ್ಮ ಅದೇ ಸೊಂಟಕ್ಕೆ ಹಲ್ಲಿಯ ಬಾಲ ಕಟ್ಟುತ್ತಿದ್ದ.

ಭಾವಮೈದುನ ಸಿನಿಮಾ ನಿರ್ದೇಶಕ. ಒಂದು ಕ್ಯಾಮೆರಾ, ಎರಡು ದೀಪ ಮತ್ತು ಬೇಕಾದಷ್ಟು ಭಂಡ ಧೈರ್ಯ ಅವನ ಬಂಡವಾಳ. ಬಣ್ಣ ಕುಡಿದು ಕುಡಿದು ಆಳೆತ್ತರ ಬೆಳೆದ ಹಲ್ಲಿಯೊಂದು ಊರನ್ನೇ ನಡುಗಿಸುವುದು ಅವನ ಕತೆ. ಹಲ್ಲಿಯಾಗಬೇಕಿದ್ದ ನಟ ವೇಷವನ್ನು ಒಂದೇ ಸಲ ಹಾಕಿ, ಮೈಯೆಲ್ಲ ಕೆರೆದುಕೊಂಡು, ಹಿಂದಿರುಗಿ ನೋಡದೆ ಹೋಗಿಬಿಟ್ಟಿದ್ದ. ವೇಷ ಹೊಲಿದದ್ದು ಗುಮಾಸ್ತನ ಹಳೆಯ ಹಾಸಿಗೆಯ ಸ್ಪಂಜಿನಿಂದ. ಅದರ ಮೇಲೆ ಅಷ್ಟು ವರ್ಷ ಮಲಗಿದವನಿಗೆ ಅದು ಇನ್ನೇನು ತುರಿಸೀತು ಎಂದು ಹೆಂಡತಿ ತೀರ್ಪು ಕೊಟ್ಟಳು. ಅಲ್ಲಿಗೆ ಹಲ್ಲಿಯ ಆಯ್ಕೆ ಮುಗಿಯಿತು.

“ಭಾವ, ಕಡಿಮೆ ದುಡ್ಡಿನ ಸಿನಿಮಾ ಗೆಲ್ಲೋದು ಹಲ್ಲಿಯಿಂದಲ್ಲ. ಹಲ್ಲಿ ನೋಡಿ ಹೆದರೋನ ಮುಖದಿಂದ. ನೀವು ಬಗ್ಗಿಕೊಂಡು ನಿಂತಿದ್ರೆ ಸಾಕು,” ಎನ್ನುತ್ತ ಭಾವಮೈದುನ ಹಲ್ಲಿಯ ತಲೆಯನ್ನು ಗುಮಾಸ್ತನ ತಲೆಗೆ ಕವುಚಿ, ಕುತ್ತಿಗೆಯ ಸುತ್ತ ಟೇಪು ಸುತ್ತಿದ. “ಸಂಜೆವರೆಗೂ ಇದನ್ನ ಬಿಚ್ಚೋ ಹಾಗಿಲ್ಲ. ಟೇಪು ಮುಗೀತು.”

“ನೀರು ಕುಡಿಯೋದು ಹೇಗೋ?”

“ಹಲ್ಲಿಗೆ ಬಾಯಿ ಇಟ್ಟಿದೀನಲ್ಲ.”

ಸಾಮಾನು ಸಾಗಿಸುವ ಟೆಂಪೋದಲ್ಲಿ ಪ್ರಯಾಣ. ಬಾಲ ಹಿಡಿಸದೆ ಹೊರಗೆ ನೇತಾಡುತ್ತಿತ್ತು. ಟೆಂಪೋ ನಿಂತಾಗ ಗುಮಾಸ್ತ ಹಲ್ಲಿಯ ಬಾಯಿಯಿಂದ ಇಣುಕಿದ. ಎದುರಿಗಿದ್ದದ್ದು ಅವನು ಒಂಬತ್ತು ವರ್ಷದಿಂದ ದಿನವೂ ನೋಡುತ್ತಿದ್ದ ಹಸಿರು ಗೇಟು.

“ಲೋ, ಇದು ನಮ್ಮ ಗೋದಾಮು.”

“ಹೂಂ ಭಾವ. ಬಾಡಿಗೆ ಇಲ್ದೆ ಕೊಟ್ಟಿದಾರೆ. ನಿಮಗೆ ಖುಷಿಯಾಗ್ಲಿ ಅಂತ ಮೊದಲೇ ಹೇಳಲಿಲ್ಲ.”

“ನಾನು ಹಾಸಿಗೆ ಹಿಡಿದು ಮಲಗಿದೀನಿ ಅಂತ ಹೇಳಿದೀನಿ ಕಣೋ ಇವರಿಗೆ.”

“ಹಾಸಿಗೆ ಒಳಗೇ ಇದೀರಲ್ಲ, ಅದರಲ್ಲೇನು ಸುಳ್ಳು?”

ಗುಮಾಸ್ತನಿಗೆ ನಗು ಬರಲಿಲ್ಲ. ಹಿಂದಿನ ತಿಂಗಳು ಜ್ವರವೆಂದು ರಜೆ ಹಾಕಿ ಪಂದ್ಯ ನೋಡಲು ಹೋಗಿದ್ದ ಡ್ರೈವರನನ್ನು ಮ್ಯಾನೇಜರು ಅದೇ ಸಂಜೆ ಕೆಲಸದಿಂದ ತೆಗೆದಿದ್ದರು. ದನಿ ಹೊರಬಿದ್ದರೆ ತನಗೂ ಅದೇ ಗತಿ. ಅವನು ಬಾಯಿಗೆ ಬೀಗ ಹಾಕಿದ. ಭಾವಮೈದುನ ಇಳಿದು ನೆರೆದವರಿಗೆಲ್ಲ ಪರಿಚಯ ಮಾಡಿಕೊಟ್ಟ: “ಇವರು ನಾಟಕ ಕಂಪನಿಯ ದೊಡ್ಡ ಕಲಾವಿದರು. ವೇಷ ಹಾಕಿದ ಮೇಲೆ ಯಾರ ಹತ್ರಾನೂ ಮಾತಾಡಲ್ಲ.”

“ಬನ್ನಿ ಹಲ್ಲಿ ಸಾರ್,” ಎಂದು ವಾಚ್‌ಮನ್ ಮುಂದೆ ನಡೆದ. “ಇಲ್ಲಿ ತೊಲೆ ತಗ್ಗು, ತಲೆ ಜೋಪಾನ.” ಅವನು ಮಾತು ಮುಗಿಸುವ ಮೊದಲೇ ಹಲ್ಲಿ ತೊಲೆಗೆ ತಲೆ ತಗ್ಗಿಸಿ, ಮುರಿದ ಮೆಟ್ಟಿಲನ್ನು ದಾಟಿ, ಸೀದಾ ಒಳಗೆ ಹೋಗಿ ನಿಂತಿತು. ಹಣೆ ಬಡಿಯದೆ ಆ ತೊಲೆ ಈವರೆಗೆ ಯಾವ ಹೊಸಬನನ್ನೂ ಒಳಗೆ ಬಿಟ್ಟಿರಲಿಲ್ಲ.

“ಕಲಾವಿದ ಅಂದ್ರೆ ಇವನಪ್ಪ,” ಎಂದ ವಾಚ್‌ಮನ್.

ಕ್ಯಾಷಿಯರ್ ಬಂದು ಬಾಲವನ್ನು ಎಳೆದು ನೋಡಿದ. ನಂತರ ಹೊಟ್ಟೆಗೆ ಪೆನ್ನು ಚುಚ್ಚಿದ. “ಒಳಗೆ ಮನುಷ್ಯ ಇರೋ ಹಾಗೆ ಕಾಣಲ್ಲ. ಇವತ್ತು ನಮ್ಮ ಗುಮಾಸ್ತ ಇರಬೇಕಿತ್ತು, ಹೆದರಿ ಡಬ್ಬದೊಳಗೆ ಕೂತುಬಿಡ್ತಿದ್ದ.” ಹಲ್ಲಿ ಇದನ್ನು ನುಂಗಿಕೊಂಡಿತು.

ಗೋದಾಮನ್ನು ಬಿಟ್ಟಿಯಾಗಿ ಕೊಟ್ಟದ್ದಕ್ಕೆ ಮ್ಯಾನೇಜರದು ಒಂದೇ ಷರತ್ತು. ಹಲ್ಲಿಗೆ ಬಲಿಯಾಗುವ ಮನುಷ್ಯನ ಪಾತ್ರ ಅವರಿಗೇ ಸಿಗಬೇಕು. ಮದುವೆ ಗಂಡಿನಂತೆ ತಲೆ ಬಾಚಿಕೊಂಡು ಬಂದರು. ಬಾಗಿಲು ತೆರೆಯಬೇಕು, ಹಲ್ಲಿಯನ್ನು ನೋಡಬೇಕು, ಕಿರುಚಿ ಬೀಳಬೇಕು. ಇಷ್ಟೇ ಕೆಲಸ.

ಮ್ಯಾನೇಜರು ಬಾಗಿಲು ತೆರೆದರು, ಹಲ್ಲಿಯನ್ನು ನೋಡಿದರು. ಆದರೆ ಇಪ್ಪತ್ತು ವರ್ಷ ಬೇರೆಯವರನ್ನು ಹೆದರಿಸಿದ ಮುಖಕ್ಕೆ ತಾನೇ ಹೆದರುವುದು ಹೇಗೆಂದು ಹೊಳೆಯಲಿಲ್ಲ. ಬಾಯಿಗೆ ಬಂದದ್ದು ದಿನದ ಮಾತೇ: “ಯಾರಯ್ಯ ನೀನು? ಯಾರನ್ನ ಕೇಳಿ ಒಳಗೆ ಬಂದೆ?”

ಆ ದನಿ ಕೇಳಿದ್ದೇ ಹಲ್ಲಿಯ ಕಾಲು ತಾನಾಗಿ ಹಿಂದೆ ಸರಿಯಿತು. ತಲೆ ತಗ್ಗಿತು, ಕೈಗಳು ಕಟ್ಟಿಕೊಂಡವು. ಬಾಲ ತಗುಲಿ ಹಿಂದಿದ್ದ ಬಣ್ಣದ ಡಬ್ಬಗಳ ಗೋಪುರ ದಡದಡನೆ ಉರುಳಿತು.

ಕೆಟ್ಟಿತೆಂದು ಎಲ್ಲರೂ ನಿರ್ದೇಶಕನ ಕಡೆ ನೋಡಿದರು. ಅವನು ಕ್ಯಾಮೆರಾ ನಿಲ್ಲಿಸಿಯೇ ಇರಲಿಲ್ಲ.

“ಮನುಷ್ಯನಿಗೆ ಹೆದರೋ ರಾಕ್ಷಸ ಹಲ್ಲಿ,” ಎಂದ ಮೆಲ್ಲಗೆ. “ಇದನ್ನ ಯಾರೂ ತೆಗೆದಿಲ್ಲ. ಸಾರ್, ನೀವಿನ್ನು ಸಾಯೋದು ಬೇಡ. ನೀವೇ ಹೀರೋ.”

“ಮತ್ತೆ ಕತೆ?” ಎಂದರು ಮ್ಯಾನೇಜರು, ಕಾಲರು ಸರಿಮಾಡಿಕೊಳ್ಳುತ್ತ.

“ದುಡ್ಡಿರೋರು ಕತೆ ಬರೆದು ಶೂಟಿಂಗ್ ಮಾಡ್ತಾರೆ ಸಾರ್. ನಾವು ಶೂಟಿಂಗ್ ಮಾಡಿ, ಏನು ಸಿಕ್ತೋ ಅದರ ಕತೆ ಬರೀತೀವಿ.”

ಮ್ಯಾನೇಜರಿಗೆ ಈ ಕಲೆ ಒಗ್ಗಿತು. ದಿನವಿಡೀ ಹಲ್ಲಿಯನ್ನು ಬೈದರು. ಮುಂದಿನಿಂದ ಬೈದರು, ಪಕ್ಕದಿಂದ ಬೈದರು, ಏಣಿ ಹತ್ತಿ ಮೇಲಿನಿಂದಲೂ ಬೈದರು. ಪ್ರತಿ ಸಲವೂ ಹಲ್ಲಿ ಹಿಂದೆ ಸರಿಯಿತು, ಪ್ರತಿ ಸಲವೂ ಡಬ್ಬಗಳು ಬಿದ್ದವು. ಚಿತ್ರೀಕರಣ ನಿಂತೊಡನೆ ಯಾರೂ ಹೇಳದೆಯೇ ಹಲ್ಲಿ ಕೂತು ಡಬ್ಬಗಳನ್ನು ಜೋಡಿಸುತ್ತಿತ್ತು. ದೊಡ್ಡವು ಕೆಳಗೆ, ಸಣ್ಣವು ಮೇಲೆ, ಚೀಟಿ ಹೊರಮುಖಕ್ಕೆ, ನೆಗ್ಗಿದವು ಬೇರೆ. ಬಿದ್ದ ಡಬ್ಬ ಕಂಡರೆ ಗುಮಾಸ್ತನ ಕೈಗೆ ಸುಮ್ಮನಿರಲು ಬಾರದು. ಏಣಿಯ ಮೇಲೆ ಕೂತ ಮ್ಯಾನೇಜರು ಇದನ್ನು ನೋಡುತ್ತಲೇ ಇದ್ದರು.

ಸಂಜೆ ಭಾವಮೈದುನ ದೀಪ ಬಿಚ್ಚುತ್ತಿದ್ದಾಗ ಅವರು ಹಲ್ಲಿಯ ಹೆಗಲ ಮೇಲೆ ಕೈಹಾಕಿ ಮೂಲೆಗೆ ಕರೆದುಕೊಂಡು ಹೋದರು. ಸಿಕ್ಕಿಬಿದ್ದೆನೆಂದೇ ಗುಮಾಸ್ತ ಅಂದುಕೊಂಡ.

“ನೋಡಪ್ಪ ಕಲಾವಿದ, ಹಲ್ಲಿ ಆದ್ರೆ ಹೊಟ್ಟೆ ತುಂಬಲ್ಲ. ನಮ್ಮಲ್ಲಿ ಒಬ್ಬ ಗುಮಾಸ್ತ ಇದಾನೆ. ಸೊಂಟ ನೋವು ಅಂತ ಇವತ್ತು ಮಲಗಿದಾನೆ. ನೀನು ಬೆಳಗ್ಗಿಂದ ಬಗ್ಗಿ ನಿಂತಿದೀಯ, ಒಂದು ಮಾತು ಎದುರಾಡಲಿಲ್ಲ. ಒಂದೇ ದಿನದಲ್ಲಿ ಈ ಗೋದಾಮು ನಿನ್ನ ಅಂಗೈ ಆಗಿಹೋಗಿದೆ. ಅವನನ್ನ ತೆಗೆದು ನಿನ್ನ ಹಾಕ್ಕೋತೀನಿ. ಸೋಮವಾರ ಬರ್ತೀಯಾ?”

ಗುಮಾಸ್ತ ಬೇಡವೆಂದು ತಲೆಯಾಡಿಸಲು ಹೋದ. ಹಲ್ಲಿಯ ತಲೆ ಜೋಲದಿರಲೆಂದು ಒಳಗೆ ಆಧಾರವಾಗಿ ಕೊಟ್ಟಿದ್ದ ಪೈಪು ಅದನ್ನು ಮೇಲೆ ಕೆಳಗೆ ಮಾತ್ರ ಆಡಲು ಬಿಡುತ್ತಿತ್ತು. ತಲೆ ಮೇಲೆ ಕೆಳಗೆ ಆಡಿತು. ಗಾಬರಿಯಲ್ಲಿ ಇನ್ನಷ್ಟು ಜೋರಾಗಿ ಆಡಿತು.

“ಇಷ್ಟೊಂದು ಆತುರ ಬೇಡಪ್ಪ, ಒಂದು ಸಲ ಆಡಿಸಿದ್ರೆ ಸಾಕು,” ಎಂದು ಮ್ಯಾನೇಜರು ಹಲ್ಲಿಯ ಬೆನ್ನು ತಟ್ಟಿದರು.

ಸೋಮವಾರ ಗುಮಾಸ್ತ ಗೋಡೆ ಹಿಡಿದು ನಡೆದುಕೊಂಡು ಕೆಲಸಕ್ಕೆ ಬಂದ. ಒಂದು ದಿನ ಬಗ್ಗಿದ್ದ ಸೊಂಟ ಈಗ ನೇರವಾಗಲು ಒಪ್ಪುತ್ತಿರಲಿಲ್ಲ. ಮ್ಯಾನೇಜರು ಅವನನ್ನು ಕೂರಿಸಿ, ನಾಳೆಯಿಂದ ಬರುವುದು ಬೇಡವೆಂದು ಸೌಮ್ಯವಾಗಿಯೇ ಹೇಳಿದರು.

“ಸಾರ್, ಆ ಹಲ್ಲಿ ನಾನೇ,” ಎಂದ ಗುಮಾಸ್ತ.

ಮ್ಯಾನೇಜರು ಅವನನ್ನು ಮೊದಲ ಸಲ ಕನಿಕರದಿಂದ ನೋಡಿದರು. “ನಿಂಗೆ ಸೊಂಟ ನೋವು ಅಂದಾಗ ನಾನು ನಂಬಿರಲಿಲ್ಲ ಕಣಯ್ಯ. ಈಗ ಕಣ್ಣಾರೆ ಕಾಣ್ತಿದೆ. ಎರಡು ನಿಮಿಷ ನೆಟ್ಟಗೆ ನಿಲ್ಲೋಕೆ ಆಗದೋನು ಇಡೀ ದಿನ ಹಲ್ಲಿ ಆಗಿದ್ದೆ ಅಂತೀಯ? ಮನೆಗೆ ಹೋಗಿ ಮಲಕ್ಕೋ.”

ಮಧ್ಯಾಹ್ನದವರೆಗೆ ಅವರು ಹಲ್ಲಿಯ ದಾರಿ ನೋಡಿದರು. ಹಲ್ಲಿ ಬರಲಿಲ್ಲ. ಮೂರು ಗಂಟೆಗೆ ಆ ಜಾಗಕ್ಕೆ ಕ್ಯಾಷಿಯರನ ತಮ್ಮನನ್ನು ಹಾಕಿಕೊಂಡರು.