ಮಂಗಳದ ಹಾಡಿನ ಹೆಸರು

ಬೆಳವಣಕಿಯ ಗ್ಯಾನಪ್ಪ ಅರ್ಧ ಆಯುಷ್ಯ ಸವೆಸಿ, ಶಿವಶರಣನಾದ ರಾಜನೊಬ್ಬನ ಪುರಾಣ ಬರೆದಿದ್ದ. ಮಠದಲ್ಲಿ ಓದಲು ಕುಳಿತರೆ ಕೇಳುವವರು ಒಬ್ಬೊಬ್ಬರಾಗಿ ಜಾರಿ, ಕಡೆಗೆ ಕಂಬಗಳಷ್ಟೇ ಕಿವಿಗೊಡುತ್ತಿದ್ದವು. ಕೊಣ್ಣೂರಿನ ಬಯಲಾಟದ ಮೇಳದವರು ಅದನ್ನೇ ಆಟವಾಗಿ ಬರೆದುಕೊಡೆಂದಾಗ ಎದ್ದುಬಿದ್ದು ಒಪ್ಪಿಕೊಂಡ. ಆಟ ಮುಗಿಯುವಾಗ ಮಂಗಳದ ಹಾಡಿನಲ್ಲಿ ಬರೆದವನ ಹೆಸರು ಹೇಳುವುದು ವಾಡಿಕೆ. ನರಗುಂದ ಸಂಸ್ಥಾನದ ಆಡಳಿತ ನೋಡುವ ಕಾರಭಾರಿಯೂ ಬರುವವನಿದ್ದ. ಸಾಯುವ ಮುನ್ನ ತುಂಬಿದ ಬಯಲಿನಲ್ಲಿ ಒಮ್ಮೆ ತನ್ನ ಹೆಸರು ಕೇಳಬೇಕು, ಗ್ಯಾನಪ್ಪನಿಗೆ ಅಷ್ಟೇ ಆಸೆ.

ಆಟದ ದಿನ ಬೆಳಿಗ್ಗೆಯೇ ತಕರಾರು ಸುರುವಾಯಿತು. ರಾಜನ ಪಾತ್ರ ಊರ ಗೌಡ ಅಂದಾನೆಪ್ಪನದು. ರಾಜ್ಯ ಬಿಟ್ಟು ಹಿಡಿಯಬೇಕಾದ ಜೋಳಿಗೆ ಕೈಗೆ ಬಂದೊಡನೆ ಅವನು ಕಟ್ಟೆಯ ಮೇಲೆ ಕುಳಿತುಬಿಟ್ಟ.

“ನಮ್ಮ ರೈತರ ಮುಂದ ನಾ ಭಿಕ್ಷಾ ಬೇಡ್ಲೇನು? ನಾಳಿಂದ ಯಾರರ ನನಗ ಹೆದರ್ತಾರೇನೋ?”

ರಾಜ್ಯ ಬಿಡದೆ ಶರಣನಾಗುವುದು ಹೇಗೆಂದು ಗ್ಯಾನಪ್ಪ ಕೇಳಿದ. ಕುಂತಲ್ಲೇ ಆಗಲಿ ಎಂದ ಗೌಡ. ರಾಜ ಸಿಂಹಾಸನದ ಮೇಲೆಯೇ ಶರಣನಾದ.

ಮಧ್ಯಾಹ್ನ ರಾಕ್ಷಸನ ಪಾತ್ರದ ಮಾಳಪ್ಪನ ತಾಯಿ ಮಾಯವ್ವ ಬುತ್ತಿ ತಂದಳು. ಆಟದಲ್ಲಿ ಮಗ ಸಾಯುತ್ತಾನೆಂದು ಕೇಳಿ ಬುತ್ತಿಯ ಸಮೇತ ಕುಸಿದಳು. ಮದುವೆ ಗೊತ್ತಾದ ಹುಡುಗ. ಊರೆದುರು ಹೆಣವಾಗಿ ಬಿದ್ದರೆ ಬೀಗರು ಏನೆಂದಾರು?

“ಸಾಯೂದು ಬ್ಯಾಡ್ರಿ. ಬೇಕಾದ್ರ ಜ್ವರಾ ಬರಲಿ,” ಎಂದಳು.

ರಾಕ್ಷಸನಿಗೆ ಜ್ವರ ಬಂತು. ರಾಜ ಕಷಾಯ ಕುಡಿಸಿದ. ಪುರಾಣವು ದನ ನುಗ್ಗಿದ ಜೋಳದ ಹೊಲದಂತಾಯಿತು.

ಇಳಿಹೊತ್ತಿನಲ್ಲಿ ಗ್ಯಾನಪ್ಪ ಹೊಳೆಯ ದಂಡೆಗೆ ಹೋದ. ಶಿವನೇ, ಈ ಪಾಪಕ್ಕೆ ನನ್ನ ಹೆಸರು ಬೇಡ ಎಂದುಕೊಂಡ. ಮರಳಿ ಬಂದು, ಮಂಗಳದಲ್ಲಿ ತನ್ನ ಹೆಸರು ತೆಗೆದು, ಜಾಗ ಖಾಲಿ ಬಿಡಲಾಗದೆ ಮೇಳದ ಹಾಡುಗಾರ ಪ್ರಭುಲಿಂಗಪ್ಪನ ಹೆಸರು ಸೇರಿಸಿದ. ಓದುಬರಹವಿಲ್ಲದ ಆ ಸಾಧು ಮನುಷ್ಯ ಹೇಳಿಕೊಟ್ಟಂತೆ ಬಾಯಿಪಾಠ ಮಾಡಿಕೊಂಡ.

ರಾತ್ರಿ ಆಟದಲ್ಲಿ ಕಷಾಯ ಕುಡಿದ ರಾಕ್ಷಸ ರಾಜನ ಕಾಲಿಗೆರಗಿದಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮಂಗಳ ಮುಗಿದದ್ದೇ ತಡ, ಕಾರಭಾರಿ ಎದ್ದು ಪ್ರಭುಲಿಂಗಪ್ಪನಿಗೆ ಶಾಲು ಹೊದಿಸಿದ. ಇಂಥದೇ ಇನ್ನೊಂದು ಆಟ ಬರೆದು ನರಗುಂದಕ್ಕೆ ತರಬೇಕೆಂದು ಅಪ್ಪಣೆ ಮಾಡಿದ.

ಗ್ಯಾನಪ್ಪನಿಗೆ ತಡೆಯಲಾಗಲಿಲ್ಲ. ಮುಂದೆ ಬಂದು, ಬರೆದವನು ನಾನು ಎಂದ. ಗೌಡ ಅವನ ಹೆಗಲ ಮೇಲೆ ಮೆಲ್ಲಗೆ ಕೈಯಿಟ್ಟ.

“ನೀ ಬರದದ್ದು ಇದರಾಗ ಏನು ಉಳದೈತಿ, ಹೇಳು ನೋಡೋಣು.”

ಗ್ಯಾನಪ್ಪ ಎಣಿಸಲು ಕೈಯೆತ್ತಿ, ಒಂದು ಬೆರಳೂ ಮಡಿಸದೆ ಇಳಿಸಿದ.

ಮಂದಿ ಕರಗಿದ ಮೇಲೆ ಪ್ರಭುಲಿಂಗಪ್ಪ ಶಾಲನ್ನು ಮುದ್ದೆ ಮಾಡಿ ಹಿಡಿದುಕೊಂಡು ಬಂದ. “ಅಣ್ಣಾ, ನನಗ ಅಕ್ಷರ ಬರೂದಿಲ್ಲ. ನರಗುಂದದ್ದೂ ನೀನ ಬರದು ಕೊಡು. ಹೆಸರಷ್ಟ ನಂದ ಇರಲಿ. ಈಗ ಬ್ಯಾರೇ ಹೆಸರು ಹಾಡಿದ್ರ ಕಾರಭಾರಿ ನನ್ನ ಬಿಟ್ಟಾರೇನು?”

ಗ್ಯಾನಪ್ಪ ಶಾಯಿ ಕಲಸಿದ. ಮೊಟ್ಟಮೊದಲು ಪ್ರಭುಲಿಂಗಪ್ಪನ ಹೆಸರಿನ ಮಂಗಳವನ್ನೇ ಬರೆದು ಮುಗಿಸಿದ. ಅದೊಂದರಲ್ಲಿ ಯಾರೂ ತಿದ್ದುವಂಥದು ಇರಲಿಲ್ಲ.